ಅಪ್ಪನ ಬಾಯಲ್ಲಿ ಬೂಮಿ

ಮಗಳಿಗೆ ಮೂರು ತಿಂಗಳು ತುಂಬುತ್ತಾ ಬಂದಿತ್ತು, ಇನ್ನೂ ಹೆಸರಿಟ್ಟಿರಲಿಲ್ಲ. ಹೆಂಡತಿ ಬಸುರಿಯಾಗಿದ್ದಾಗಲೇ ಒಂದು ಹೆಸರು ಆರಿಸಿಟ್ಟಿದ್ದಳು: ಭೂಮಿ. ನನಗೂ ಹಿಡಿಸಿತ್ತು. ಎರಡೇ ಅಕ್ಷರ, ಕರೆಯೋಕೂ ಸುಲಭ, ಫಾರಂ ತುಂಬೋಕೂ ಸುಲಭ. ನಾಮಕರಣದ ದಿನ ಗೊತ್ತು ಮಾಡೋಣ ಅಂತ ಒಂದು ಭಾನುವಾರ ಎರಡೂ ಕಡೆಯವರು ಬೆಂಗಳೂರಿನ ನಮ್ಮ ಮನೆಯಲ್ಲಿ ಸೇರಿದ್ದರು. ಊಟ ಆಗಿ ಎಲೆ ಅಡಿಕೆಯ ತಟ್ಟೆ ಸುತ್ತು ಹಾಕುತ್ತಿತ್ತು. ಅಪ್ಪ ಮೊಮ್ಮಗಳನ್ನು ತೊಡೆ ಮೇಲೆ ಹಾಕಿಕೊಂಡು, "ಬೂಮಿ... ಏ ಬೂಮವ್ವ... ತಾತನ್ನ ನೋಡವ್ವ ಇತ್ಲಾಗೆ" ಅಂತ ಮಾತಾಡಿಸ್ತಾ ಇದ್ದ.

ನನ್ನ ಹೆಂಡತಿಯ ದೊಡ್ಡಮ್ಮ ಶಿವಮೊಗ್ಗದವರು. ಒಳ್ಳೆಯ ಮನಸ್ಸು, ಆದರೆ ನಾಲಿಗೆಗೆ ಬ್ರೇಕ್ ಇಲ್ಲ. "ನೋಡ್ರೀ, ಈ ಮನೇಲಿ ಮಗು ಭೂಮಿ ಆಗೋ ಹಾಗೇ ಕಾಣಲ್ಲ, ಬರೀ ಬೂಮೀನೇ ಆಗತ್ತೆ. ಹೊಟ್ಟೆ ಸೀಳಿದ ಅಕ್ಷರ ಇಲ್ಲದೇ ಇರೋ ಹೆಸರು ಹುಡುಕ್ರಪ್ಪಾ" ಅಂದರು. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. "ನಮ್ ನಾಲ್ಗೆ ಒರಟು ಕಣ್ರವ್ವ, ಅದ್ಕೆ ತಿರುಗಕಿಲ್ಲ" ಅಂದ.

ಅಷ್ಟೇ ಆಗಿದ್ದಿದ್ದರೆ ನಾನೂ ಮರೆತುಬಿಡುತ್ತಿದ್ದೆ. ಆದರೆ ಅವತ್ತು ಸಂಜೆ ಮದ್ದೂರಿನ ಬಸ್ಸು ಹತ್ತುವವರೆಗೂ ಅಪ್ಪ ಮಗುವನ್ನು "ಕೂಸೇ" ಅಂತಲೇ ಕರೆದ. ಒಂದು ಸಲವೂ ಹೆಸರು ಹಿಡಿಯಲಿಲ್ಲ.

ದೊಡ್ಡಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳುವ ಯೋಗ್ಯತೆ ನನಗಿರಲಿಲ್ಲ. ಅದೇ ಕೆಲಸವನ್ನು ನಾನು ಅವರಿಗಿಂತ ಹತ್ತು ವರ್ಷ ಮೊದಲೇ ಮಾಡಿದ್ದೆ. ಎಂಜಿನಿಯರಿಂಗ್ ಎರಡನೇ ವರ್ಷ, ಚಿಕ್ಕಪ್ಪನ ಮಗಳ ಮದುವೆ. ಆರ್ಕೆಸ್ಟ್ರಾದವರ ಮೈಕು ಹಿಡಿದು ಅಪ್ಪ "ವದು ವರರಿಗೆ ಸುಬವಾಗ್ಲಿ" ಅಂದ. ಪಕ್ಕದಲ್ಲಿ ನನ್ನ ಹಾಸ್ಟೆಲಿನ ನಾಲ್ಕು ಜನ ಗೆಳೆಯರಿದ್ದರು. ನಾನು ಕೂತಲ್ಲಿಂದಲೇ, "ಅಪ್ಪಾ, ಸುಬ ಅಲ್ಲ, ಶುಭ!" ಅಂತ ಕೂಗಿದೆ. ಅದಾದ ಮೇಲೆ ಅಪ್ಪ ಮೈಕು ಹಿಡಿದಿದ್ದನ್ನು ನಾನು ನೋಡಿಲ್ಲ. ಊರಿನ ಹಾಲಿನ ಡೈರಿಯ ಸಭೆಯಲ್ಲೂ ಕೂತಲ್ಲೇ ಮಾತಾಡ್ತಾನೆ.

ನನ್ನ ಲೆಕ್ಕವೂ ಒಂದು ದಿನ ಚುಕ್ತಾ ಆಯಿತು ಅನ್ನಿ. ಮೊದಲ ಕೆಲಸದಲ್ಲಿ ಅಮೆರಿಕದವರ ಜೊತೆ ರಾತ್ರಿ ಕಾಲ್‌ಗಳು ಇರುತ್ತಿದ್ದವು. "ದಿಸ್ ಈಸ್ ಪವನ್" ಅಂತ ನಾನು, "ಹಾಯ್ ಬವನ್" ಅಂತ ಅವರು. ತಿದ್ದಿದೆ. ಪಿ, ಬಿ ಅಲ್ಲ, ಪೀಟರ್‌ನ ಪಿ ಅಂದೆ. "ಓ, ಬೀಟರ್?" ಅಂದರು. ಅಲ್ಲಿಗೆ ಹೋದಾಗ ನನಗೆ ಅಂತ ಅಚ್ಚು ಹಾಕಿಸಿದ್ದ ಬಿಲ್ಲೆಯ ಮೇಲೂ ಬವನ್ ಅಂತಲೇ ಇತ್ತು. ಇಪ್ಪತ್ತು ವರ್ಷ ನಾನು ಪ ಅಂತಲೇ ಹೇಳಿಕೊಂಡು ಬಂದಿದ್ದೇನೆ, ಇವರಿಗೆ ಕಿವಿ ಕೇಳಿಸಲ್ವಾ ಅಂತ ಉರಿಯುತ್ತಿತ್ತು.

ಆ ಭಾನುವಾರ ರಾತ್ರಿ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಹಾಲ್‌ನಲ್ಲಿ ಅಡ್ಡಾಡುವಾಗ ಈ ಎರಡೂ ನೆನಪಾದವು. ಅಪ್ಪನ ಬಾಯಲ್ಲಿ ಭ ಬ ಆಗುತ್ತೆ, ನನ್ನ ಬಾಯಲ್ಲಿ ಪ ಬ ಆಗುತ್ತೆ. ಒಂದೇ ಕೈಯಲ್ಲಿ ಫೋನ್ ಹಿಡಿದು ಹುಡುಕಿದೆ. ಮುಂದಿನ ಎರಡು ವಾರ ಆಫೀಸಿನ ಕೆಲಸ ಬಿಟ್ಟು ಉಳಿದ ಹೊತ್ತೆಲ್ಲ ಇದರಲ್ಲೇ ಹೋಯಿತು.

ವಿಷಯ ಇಷ್ಟು. ಪ, ಬ ಹೇಳುವಾಗ ತುಟಿ ಮುಚ್ಚಿ ಬಾಯೊಳಗೆ ಗಾಳಿ ತಡೆಯುತ್ತೇವೆ, ಆಮೇಲೆ ಒಮ್ಮೆಲೇ ಬಿಡುತ್ತೇವೆ. ಅದು ಒಂದು ಕೆಲಸ. ಇನ್ನೊಂದು ಕೆಲಸ ಗಂಟಲಲ್ಲಿ ನಡೆಯುತ್ತೆ: ಅಲ್ಲಿರುವ ಎರಡು ಧ್ವನಿತಂತುಗಳು ಅದುರಲು ಶುರುಮಾಡಬೇಕು. ತುಟಿ ಬಿಡುವುದಕ್ಕೂ ತಂತು ಅದುರುವುದಕ್ಕೂ ನಡುವೆ ಎಷ್ಟು ಹೊತ್ತು ಅನ್ನುವುದೇ ಎಲ್ಲ. ಇದಕ್ಕೆ ವಾಯ್ಸ್ ಆನ್‌ಸೆಟ್ ಟೈಮ್ ಅಂತಾರೆ. ನಾನು ಕನ್ನಡದಲ್ಲಿ 'ದನಿ ಹತ್ತುವ ಹೊತ್ತು' ಅಂದುಕೊಂಡೆ, ಮೋಟರ್ ಹತ್ತಿತು ಅಂತೀವಲ್ಲ ಹಾಗೆ. ಅಳೆಯುವುದು ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ. ನಾವು ಒಂದು ಸಲ ಕಣ್ಣು ಮಿಟುಕಿಸುವುದಕ್ಕೇ ನೂರಕ್ಕೂ ಹೆಚ್ಚು ಮಿಲಿಸೆಕೆಂಡ್ ಬೇಕು. ಇಲ್ಲಿನ ಜಗಳವೆಲ್ಲ ಅದಕ್ಕಿಂತ ಕಮ್ಮಿ ಹೊತ್ತಿನದು.

ನೀವೂ ಮಾಡಿ ನೋಡಬಹುದು. ಗಂಟಲಿನ ಮೇಲೆ ಎರಡು ಬೆರಳಿಟ್ಟು, ತುಟಿ ಮುಚ್ಚಿಕೊಂಡೇ 'ಬಾಗಿಲು' ಅನ್ನಲು ಹೊರಡಿ. ತುಟಿ ತೆರೆಯುವ ಮೊದಲೇ ಬೆರಳಿಗೆ ಗುಂಯ್ ಅನ್ನುವುದು ಸಿಗುತ್ತೆ. 'ಪಾತ್ರೆ' ಅನ್ನಿ, ತುಟಿ ತೆರೆಯುವ ತನಕ ಗಂಟಲು ಸುಮ್ಮನಿರುತ್ತೆ. ಈಗ ಬಾಯಿ ಮುಂದೆ ತೆಳು ಕಾಗದದ ಚೂರು ಹಿಡಿದು 'ಪಾತ್ರೆ' ಅನ್ನಿ, ಕಾಗದ ಹೆಚ್ಚು ಅಲ್ಲಾಡಲ್ಲ. 'ಫಲ' ಅಂತ ಮೇಷ್ಟ್ರು ಹೇಳಿಕೊಟ್ಟ ಹಾಗೆ, ಇಂಗ್ಲಿಷಿನ ಎಫ್ ಥರ ಅಲ್ಲದೆ ಹೇಳಿದರೆ ಕಾಗದ ಹಾರುತ್ತೆ. ತುಟಿ ಬಿಟ್ಟ ಮೇಲೂ ದನಿ ಹತ್ತದೆ, ನಡುವೆ ಬರೀ ಉಸಿರು ಹೊರಡುವುದರಿಂದ ಹೀಗೆ.

ಈಗ ನನ್ನ ಬಿಲ್ಲೆಯ ಕಥೆ. ಇಂಗ್ಲಿಷ್ ಮಾತಾಡುವ ಅಮೆರಿಕದವರು ಪದದ ಮೊದಲಲ್ಲಿ ಪಿ ಹೇಳುವಾಗ ತುಟಿ ಬಿಟ್ಟು ಸುಮಾರು 60 ಮಿಲಿಸೆಕೆಂಡ್ ಆದ ಮೇಲೆ ದನಿ ಹತ್ತುತ್ತೆ. ಅದು ನಮ್ಮ ಲೆಕ್ಕದಲ್ಲಿ ಫ, ಹೊಟ್ಟೆ ಸೀಳಿದ್ದು. ಅವರ ಬಿ ಅನೇಕ ಸಲ ತುಟಿ ಬಿಟ್ಟ ಕ್ಷಣದಲ್ಲೇ ದನಿ ಹತ್ತಿಸಿಕೊಳ್ಳುತ್ತೆ, ಅದಕ್ಕೆ ಮೊದಲು ಗುಂಯ್ ಇರಲೇಬೇಕು ಅಂತಿಲ್ಲ. ಗೆರೆ ಎಳೆಯುವುದು ಸುಮಾರು 25ರ ಹತ್ತಿರ. ನಮ್ಮ ಪ ಹತ್ತು ಹದಿನೈದರ ಆಸುಪಾಸು ಬೀಳುತ್ತೆ. ಅಂದರೆ ಅವರ ಗೆರೆಯ ಆ ಕಡೆ, ಬಿ ಇರುವ ಕಡೆ! ಅವರ ಕಿವಿ ಸರಿಯಾಗೇ ಕೆಲಸ ಮಾಡಿತ್ತು. ತಮಾಷೆ ಏನು ಗೊತ್ತಾ? ಅವರ ಬಾಯಲ್ಲೂ ನಮ್ಮ ಪ ಇದೆ, 'ಸ್ಪಿನ್' ಅನ್ನುವಾಗ ಸ ಆದ ಮೇಲೆ ಬರುವುದು ಅದೇ. ಧ್ವನಿಮುದ್ರಣದಲ್ಲಿ ಮೊದಲಿನ ಸ ಕತ್ತರಿಸಿ ಉಳಿದದ್ದನ್ನು ಕೇಳಿಸಿದರೆ ಅವರಿಗೇ ಅದು 'ಬಿನ್' ಅಂತ ಕೇಳುತ್ತೆ.

ಈ ಅಳತೆಗೋಲನ್ನು ಎಲ್ಲರ ಕೈಗೆ ಕೊಟ್ಟವರು ಲೀ ಲಿಸ್ಕರ್ ಮತ್ತು ಆರ್ಥರ್ ಅಬ್ರಮ್‌ಸನ್ ಅನ್ನುವ ಇಬ್ಬರು ಅಮೆರಿಕದ ಭಾಷಾವಿಜ್ಞಾನಿಗಳು. 1964ರಲ್ಲಿ ಹನ್ನೊಂದು ಭಾಷೆಗಳನ್ನು ಅಳೆದು ಪ್ರಕಟಿಸಿದರು. ಲಿಸ್ಕರ್ ತೆಲುಗು ಬಲ್ಲವರು, ಆಡುಮಾತಿನ ತೆಲುಗು ಕಲಿಸುವ ಪುಸ್ತಕವನ್ನೇ ಬರೆದಿದ್ದರು. ಅಬ್ರಮ್‌ಸನ್ ಥಾಯ್ ಭಾಷೆಯಲ್ಲಿ ಪಳಗಿದವರು. ಹನ್ನೊಂದರಲ್ಲಿ ಹಿಂದಿ, ಮರಾಠಿ, ತಮಿಳು ಇದ್ದವು. ಕನ್ನಡ ಇರಲಿಲ್ಲ. ಸ್ವಲ್ಪ ಬೇಜಾರಾಯಿತು, ಹೋಗಲಿ ಬಿಡಿ.

ಅವರ ಅಂಕಿಗಳನ್ನು ನೋಡಿದರೆ ಒಂದೊಂದು ಭಾಷೆ ಒಂದೊಂದು ಥರ ಜಮೀನು ಹಂಚಿಕೊಂಡ ಹಾಗೆ ಕಾಣುತ್ತೆ. ಸ್ಪ್ಯಾನಿಷ್‌ನವರು ಎರಡು ಪಾಲು ಮಾಡಿ, ಬ ಗೆ ತುಟಿ ಬಿಡುವುದಕ್ಕಿಂತ ನೂರಕ್ಕೂ ಹೆಚ್ಚು ಮಿಲಿಸೆಕೆಂಡ್ ಮೊದಲೇ ಗಂಟಲು ಹತ್ತಿಸುತ್ತಾರೆ. ಅವರ ಪ ನಮ್ಮದರ ಹಾಗೇ. ಥಾಯ್‌ನವರದು ಮೂರು ಪಾಲು: ಬ, ಪ, ಫ. ಕೊರಿಯಾದವರದೂ ಮೂರೇ ಪಾಲು, ಆದರೆ ಪದದ ಮೊದಲಲ್ಲಿ ಮೂರೂ ತುಟಿ ಬಿಟ್ಟ ನಂತರದ ಕಡೆಯೇ. ಅದಕ್ಕೇ ಅವರ ಒಂದು ಊರನ್ನು ಇಂಗ್ಲಿಷಿನಲ್ಲಿ ಪುಸಾನ್ ಅಂತ ಬರೆಯುತ್ತಿದ್ದವರು 2000ನೇ ಇಸವಿಯ ಹೊಸ ಕಾಗುಣಿತದಲ್ಲಿ ಬುಸಾನ್ ಮಾಡಿದರು. ಊರಿನವರ ಬಾಯಿ ಬದಲಾಗಲಿಲ್ಲ, ಬರೆಯುವವರ ಲೆಕ್ಕ ಬದಲಾಯಿತು. ಚೀನಾದ ರಾಜಧಾನಿಯ ಮೊದಲ ಅಕ್ಷರಕ್ಕೂ ಇದೇ ಗತಿ, ಪೀಕಿಂಗ್‌ನ ಪ ಬೀಜಿಂಗ್‌ನ ಬ ಆಯಿತು. ಅಲ್ಲಿ ಇರುವುದು ಗುಂಯ್ ಇಲ್ಲದ, ಉಸಿರೂ ಇಲ್ಲದ ಒಂದು ದನಿ, ನಮ್ಮ ಪ ಗೆ ಹತ್ತಿರದ್ದು. ಅರಬ್ಬಿಯಲ್ಲಿ ಪ ಅನ್ನುವ ಅಕ್ಷರವೇ ಇಲ್ಲ, ಅವರು ಪಾಕಿಸ್ತಾನವನ್ನು ಬಾಕಿಸ್ತಾನ್ ಅಂತಲೇ ಬರೆಯುತ್ತಾರೆ. ಅವರನ್ನು ಯಾರೂ ಒರಟು ನಾಲಿಗೆಯವರು ಅನ್ನಲ್ಲ. ನಮ್ಮ ಪಕ್ಕದ ತಮಿಳಿನಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. 'ಕಂಬನ್' ಅನ್ನುವಲ್ಲಿ ಮ್ ಆದ ಮೇಲೆ ಬಂದ ಪ ತಾನೇ ಬ ಆಗುತ್ತೆ, ಬರೆದು ತೋರಿಸುವ ಅಗತ್ಯ ಅವರಿಗೆ ಬಿದ್ದಿಲ್ಲ.

ಇಷ್ಟರವರೆಗೆ ಎಲ್ಲ ಚೆನ್ನಾಗಿ ಹೊಂದಿಕೊಂಡು ಬಂತು. ಸಿಕ್ಕಿಹಾಕಿಕೊಂಡಿದ್ದು ನನಗೆ ಬೇಕಾಗಿದ್ದ ಭ ಹತ್ತಿರ. ಹಿಂದಿಯ ಪ ಹದಿಮೂರರ ಹತ್ತಿರ, ಫ ಎಪ್ಪತ್ತರ ಹತ್ತಿರ, ಸರಿ. ಬ ಮತ್ತು ಭ? ಎರಡರಲ್ಲೂ ದನಿ ತುಟಿ ಬಿಡುವ ಮೊದಲೇ ಹತ್ತಿರುತ್ತೆ. ಒಬ್ಬರ ಭ ಇನ್ನೊಬ್ಬರ ಬ ಮೇಲೆ ಬಂದು ಕೂರುತ್ತೆ. ಜಗತ್ತನ್ನೆಲ್ಲ ಅಳೆದ ಗೋಲು ನಮ್ಮ ಭ, ಧ, ಘಗಳ ಮುಂದೆ ಸಾಲಲಿಲ್ಲ, ಅದನ್ನು ಆ ಇಬ್ಬರೂ ಒಪ್ಪಿಕೊಂಡೇ ಬರೆದರು. ವ್ಯತ್ಯಾಸ ಇರುವುದು ಹತ್ತುವ ಹೊತ್ತಿನಲ್ಲಲ್ಲ, ಹತ್ತಿದ ಮೇಲೆ ಅದುರುವ ರೀತಿಯಲ್ಲಿ. ಭ ದಲ್ಲಿ ತುಟಿ ಬಿಟ್ಟ ಮೇಲೆ ತಂತುಗಳು ಪೂರ್ತಿ ಮುಚ್ಚಿಕೊಳ್ಳದೆ, ಸಡಿಲವಾಗಿ ಅದುರುತ್ತಲೇ ಉಸಿರನ್ನೂ ಸೋರಿಸುತ್ತವೆ. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಗಾಳಿಗೆ ಪಟಪಟ ಅನ್ನುವ ಜೊತೆಗೆ ಸಂದಿಯಲ್ಲಿ ಸುಯ್ ಅಂತಲೂ ಬರುತ್ತಲ್ಲ, ಹಾಗೆ. ಎರಡು ಕೆಲಸವನ್ನು ಒಟ್ಟಿಗೆ ಮಾಡುವ ಈ ಕಸರತ್ತು ಪ್ರಪಂಚದ ಹೆಚ್ಚಿನ ಭಾಷೆಗಳಲ್ಲಿ ಇಲ್ಲವೇ ಇಲ್ಲ. ಅಪ್ಪನಿಗೆ ಬರಲ್ಲ ಅಂತ ನಾನು ಮೈಕಿನ ಮುಂದೆ ತಿದ್ದಿದ್ದು ಇದನ್ನ.

ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದವರು ಮಾಡಿರುವ ಪ್ರಾಟ್ ಅನ್ನುವ ಪುಕ್ಕಟೆ ತಂತ್ರಾಂಶವಿದೆ. ದನಿಯನ್ನು ಗೆರೆಗಳಾಗಿ ತೋರಿಸುತ್ತೆ. ಅದನ್ನು ಹಾಕಿಕೊಂಡು ಮೊದಲು ನನ್ನನ್ನೇ ಅಳೆದುಕೊಂಡೆ. ಬ ಆದ ಮೇಲಿನ ಗೆರೆ ಬಾಚಣಿಗೆ ಹಲ್ಲಿನ ಹಾಗೆ ಚೊಕ್ಕ. ಭ ಆದ ಮೇಲೆ ಸ್ವಲ್ಪ ಹೊತ್ತು ಹೊಗೆ ಕವಿದ ಹಾಗೆ ಮಸುಕು, ಆಮೇಲೆ ಹಲ್ಲು ಕಾಣಿಸಿಕೊಳ್ಳುತ್ತೆ. ಇಪ್ಪತ್ತು ಪದಗಳ ಪಟ್ಟಿ ಓದಿದೆ, ಎಲ್ಲ ಮಹಾಪ್ರಾಣವೂ ಕೈಗೆ ಸಿಕ್ಕಿತು. ಎದೆ ಉಬ್ಬಿತು.

ಆಮೇಲೆ ಎಂಜಿನಿಯರ್ ಬುದ್ಧಿ. ಪಟ್ಟಿ ಓದುವುದು ಪರೀಕ್ಷೆಗೆ ಕೂತ ಹಾಗೆ, ಸುಮ್ಮನೆ ಮಾತಾಡುವಾಗ ಏನಾಗುತ್ತೆ ನೋಡೋಣ ಅಂತ, ದೊಡ್ಡಮ್ಮ ಮತ್ತೆ ಬಂದಿದ್ದ ಒಂದು ಸಂಜೆ ಎಲ್ಲರಿಗೂ ಹೇಳಿಯೇ ಊಟದ ಮೇಜಿನ ಮೇಲೆ ಫೋನ್ ಇಟ್ಟು ರೆಕಾರ್ಡ್ ಮಾಡಿದೆ. ಮೊದಲ ಐದು ನಿಮಿಷ ಎಲ್ಲರೂ ಆಕಾಶವಾಣಿ ವಾರ್ತೆ ಓದುವವರ ಹಾಗಿದ್ದರು. ಸಾರು ಬಡಿಸುವ ಹೊತ್ತಿಗೆ ಫೋನ್ ಮರೆತೇಹೋಯಿತು.

ರಾತ್ರಿ ಕೂತು ಒಂದೊಂದೇ ಪದ ಕತ್ತರಿಸಿ ನೋಡಿದೆ. ನಾನು: "ಅರ್ದ ಗಂಟೆ." ಹೆಂಡತಿ: "ಮದ್ಯಾನ." ಮತ್ತೆ ನಾನು: "ಅಬ್ಯಾಸ ಇಲ್ಲ." ದೊಡ್ಡಮ್ಮ ಮೂರು ಸಲ ಭಾನುವಾರದ ಮಾತೆತ್ತಿದ್ದರು, ಮೂರು ಸಲವೂ "ಬಾನ್ವಾರ". ಹೊಗೆ ಎಲ್ಲೂ ಇಲ್ಲ, ಬಾಚಣಿಗೆ ಹಲ್ಲು ಮಾತ್ರ. ಬರೆದದ್ದನ್ನು ಓದುವಾಗ ನಮಗೆಲ್ಲ ಮಹಾಪ್ರಾಣ ಬರುತ್ತೆ, ಅನ್ನ ಕಲಸುವಾಗ ಯಾರಿಗೂ ಇಲ್ಲ. ಇವತ್ತಿನವರೆಗೂ ನನ್ನ ಕಿವಿ ಇದನ್ನು ಹಿಡಿದಿರಲಿಲ್ಲ, ಯಾಕೆಂದರೆ ದೊಡ್ಡಮ್ಮ 'ಬಾನ್ವಾರ' ಅಂದರೆ ನನ್ನ ತಲೆ ಅದಕ್ಕೆ ತಾನೇ ಹೊಟ್ಟೆ ಸೀಳಿ ಕೊಡುತ್ತಿತ್ತು. ಅಪ್ಪ ಅಂದರೆ ಕೊಡುತ್ತಿರಲಿಲ್ಲ.

ಇದೇನೂ ನನ್ನ ಸಂಶೋಧನೆ ಅಲ್ಲ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಬಹಳ ಹಿಂದೆಯೇ ಇದನ್ನು ಹೇಳಿ, ಹೆಚ್ಚಿನ ಕನ್ನಡಿಗರ ಮಾತಿನಲ್ಲಿ ಇಲ್ಲದ ಮಹಾಪ್ರಾಣ ಬರಹದಲ್ಲೂ ಬೇಡ ಅಂತ ವಾದಿಸಿದರು. ತಮ್ಮ ಹೆಸರನ್ನೇ 'ಶಂಕರ ಬಟ್' ಅಂತ ಬರೆದುಕೊಂಡರು. ಅಕ್ಷರ ತೆಗೆಯಬೇಕು ಅನ್ನುವುದಕ್ಕೆ ನನ್ನ ಮನಸ್ಸು ಒಪ್ಪಲ್ಲ, ಕಾಗದದ ಮೇಲಿನ ಭ ನನಗೆ ಇಷ್ಟ. ಆದರೆ ಬಾಯಿಯ ವಿಷಯದಲ್ಲಿ ಅವರು ಹೇಳಿದ್ದನ್ನು ನನ್ನ ಊಟದ ಮೇಜೇ ಸಾಬೀತು ಮಾಡಿತ್ತು.

ಮುಂದಿನ ಶನಿವಾರ ಊರಿಗೆ ಹೋದೆ. ಅಪ್ಪ ಕೊಟ್ಟಿಗೆಯಲ್ಲಿದ್ದ. "ಅಪ್ಪಾ, ಒಂಚೂರು ಮಾತಾಡು, ಫೋನಲ್ಲಿ ಹಿಡ್ಕೋತೀನಿ" ಅಂದೆ.

"ಯಾಕ್ಲಾ? ನಾನೇನ್ ಮಾತಾಡ್ಲಿ? ನಂದೇನ್ ಬಾಸ್ಣವಾ?"

"ಬತ್ತದ ಬಗ್ಗೆ ಹೇಳು."

ಭತ್ತದ ಬಗ್ಗೆ ಇಪ್ಪತ್ತು ನಿಮಿಷ ಹೇಳಿದ. ನಾಲೆ ನೀರು, ಗೊಬ್ಬರದ ರೇಟು, ಕುಯ್ಲಿನ ಮಿಷನ್ನಿನವನು ಕೊಟ್ಟ ಕಾಟ. ಬ ಗಳು ಒಂದಕ್ಕಿಂತ ಒಂದು ಸ್ಫುಟ. ತುಟಿ ಬಿಡುವುದಕ್ಕಿಂತ ಸುಮಾರು 90 ಮಿಲಿಸೆಕೆಂಡ್ ಮೊದಲೇ ಗಂಟಲು ಹತ್ತಿರುತ್ತಿತ್ತು, ಗೆರೆಯಲ್ಲಿ ಎಲ್ಲೂ ತಡವರಿಕೆ ಇಲ್ಲ. ಅಮೆರಿಕದ ನನ್ನ ಹಳೆಯ ಮ್ಯಾನೇಜರಿಗೆ ಇಂಥ ಬ ಹೇಳು ಅಂದರೆ ಕಷ್ಟಪಡುತ್ತಿದ್ದ. 'ಹಾಲು' ಬಂದಲ್ಲೆಲ್ಲ 'ಆಲು'. ಅದನ್ನೂ ಸ್ಕೂಲಿನಲ್ಲಿ ತಿದ್ದಿಸಿಕೊಂಡು ಬೆಳೆದವನು ನಾನು. ಪಂಪನ ಕಾಲದಲ್ಲಿ ಅದು ಪಾಲ್ ಆಗಿತ್ತು, ಆಮೇಲೆ ಪ ಸವೆದು ಹ ಆಗಿ ಹಾಲು ಆಯಿತು, ನಮ್ಮ ಕಡೆ ಆ ಹ ಕೂಡ ಸವೆಯಿತು. ಮೊದಲ ಸವೆತ ಮಾಡಿದವರು ಶಿಷ್ಟರು, ಎರಡನೆಯದು ಮಾಡಿದವರು ಗಮಾರರು ಅನ್ನುವುದು ಯಾವ ಲೆಕ್ಕವೋ ನನಗೆ ಗೊತ್ತಾಗಲ್ಲ.

ಗೆರೆಗಳನ್ನು ಲ್ಯಾಪ್‌ಟಾಪಿನಲ್ಲಿ ಅಪ್ಪನಿಗೂ ತೋರಿಸಿದೆ. ಇದು ನೀನು, ಇದು ನಾನು, ಇದು ದೊಡ್ಡಮ್ಮ. ಬಾನ್ವಾರವನ್ನು ಕೇಳಿಸಿದೆ. ಅಪ್ಪ ಎರಡು ಸಲ ಹಾಕಿಸಿಕೊಂಡು ಕೇಳಿದ, ಬಾಯ್ತುಂಬ ನಕ್ಕ. ಆಮೇಲೆ, "ಇದ್ನ ಅವ್ರಿಗೆ ತೋರುಸ್ಬ್ಯಾಡ ಕಣ್ಲಾ, ಬೇಜಾರ್ ಮಾಡ್ಕತಾರೆ" ಅಂದ. ಮದುವೆ ಮನೆಯ ಮೈಕಿನ ವಿಷಯ ಎತ್ತಿ ತಪ್ಪಾಯ್ತು ಅನ್ನಬೇಕು ಅಂತ ಹೋಗಿದ್ದೆ. ಎತ್ತಿದೆ. "ಯಾವ್ ಮದ್ವೆ?" ಅಂದ. ಮರೆತಿದ್ದನೋ, ಮರೆತ ಹಾಗೆ ಮಾಡಿದನೋ.

ಆ ರಾತ್ರಿ ಬಸ್ಸಿನಲ್ಲಿ ಮಕ್ಕಳ ಬಗ್ಗೆ ಓದಿಕೊಂಡು ಬಂದೆ. 1971ರಲ್ಲಿ ಅಮೆರಿಕದ ಪೀಟರ್ ಐಮಾಸ್ ಮತ್ತು ಜೊತೆಗಾರರು ಒಂದು ತಿಂಗಳ, ನಾಲ್ಕು ತಿಂಗಳ ಕೂಸುಗಳ ಬಾಯಿಗೆ ತಂತಿ ಜೋಡಿಸಿದ ನಿಪ್ಪಲ್ ಕೊಟ್ಟು ಬ, ಪ ಕೇಳಿಸಿದ್ದರು. ಒಂದೇ ದನಿ ಕೇಳಿ ಕೇಳಿ ಬೇಜಾರಾಗಿ ಚೀಪುವುದು ನಿಧಾನವಾದಾಗ ದನಿ ಬದಲಿಸಬೇಕು. 20 ಮಿಲಿಸೆಕೆಂಡಿನದನ್ನು 40ಕ್ಕೆ ಬದಲಿಸಿದರೆ, ಅಂದರೆ ಗೆರೆ ದಾಟಿದರೆ, ಕೂಸು ಮತ್ತೆ ಜೋರಾಗಿ ಚೀಪುತ್ತೆ. 60ರದ್ದನ್ನು 80 ಮಾಡಿದರೆ ಕ್ಯಾರೇ ಅನ್ನಲ್ಲ. ಅಮ್ಮ ಅನ್ನಲೂ ಬಾರದ ಕೂಸಿಗೆ! ನಾಲ್ಕು ವರ್ಷದ ನಂತರ ಚಿಂಚಿಲ್ಲಾ ಅನ್ನುವ ಇಲಿಯ ಜಾತಿಯ ಪ್ರಾಣಿಯೂ ಹೆಚ್ಚೂಕಮ್ಮಿ ಅದೇ ಜಾಗದಲ್ಲಿ ಗೆರೆ ಎಳೆಯುತ್ತೆ ಅಂತ ಗೊತ್ತಾಯಿತು. ಎಂಬತ್ತರ ದಶಕದಲ್ಲಿ ಕೆನಡಾದಲ್ಲಿ ಜಾನೆಟ್ ವರ್ಕರ್ ಎಂಬುವರು ಇಂಗ್ಲಿಷ್ ಮನೆಯ ಮಕ್ಕಳಿಗೆ ಹಿಂದಿಯ ದನಿಗಳನ್ನು ಕೇಳಿಸಿದರು. ಆರೆಂಟು ತಿಂಗಳಿನ ಮಕ್ಕಳು ಟ ಬೇರೆ, ತ ಬೇರೆ ಅಂತ ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವು ಅದನ್ನು ಬಿಟ್ಟುಕೊಟ್ಟಿದ್ದವು. ಮನೆಯಲ್ಲಿ ಯಾರೂ ಬಳಸದ ಗೆರೆಯನ್ನು ಕಿವಿ ಯಾಕೆ ಕಾಯುತ್ತೆ?

ನನ್ನ ಮಗಳು ಈಗ ಆ ವಯಸ್ಸಿನೊಳಗೇ ಇದ್ದಾಳೆ. ಅವಳ ಅಮ್ಮ ಕಥೆ ಓದಿ ಹೇಳುವಾಗಿನ ಭ, ತಾತ ಕರೆಯುವ ಬ ಎರಡೂ ಅವಳಿಗೆ ಕೇಳಬೇಕು ಅನ್ನಿಸಿತು. ಮನೆಗೆ ಬಂದವನೇ ಹೆಂಡತಿಗೆ ಹೇಳಿದೆ, ಹೆಸರು ಬದಲಿಸೋದು ಬೇಡ. "ನಾನ್ಯಾವತ್ತು ಬದಲಿಸ್ತೀನಿ ಅಂದೆ?" ಅಂದಳು.

ನಾಮಕರಣದ ದಿನ ತಟ್ಟೆಯ ಅಕ್ಕಿಯಲ್ಲಿ ಬೆರಳಿಂದ ಭೂಮಿ ಅಂತ ಬರೆದೆವು. ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವರು ಯಾರು ಅಂದಾಗ ನಾನು ಅಪ್ಪನನ್ನು ಮುಂದೆ ಮಾಡಿದೆ. ಅಪ್ಪ ಟವೆಲ್ಲಿನಿಂದ ಬಾಯಿ ಒರೆಸಿಕೊಂಡು, ಬಗ್ಗಿ, ಅಂಗೈ ಮರೆ ಮಾಡಿ ಪಿಸುಗುಟ್ಟಿದ. ಪಿಸುಮಾತಿನಲ್ಲಿ ಧ್ವನಿತಂತುಗಳು ಅದುರುವುದೇ ಇಲ್ಲ, ಎಲ್ಲ ಬರೀ ಉಸಿರು. ಮಗು ಕತ್ತು ತಿರುಗಿಸಿ ತಾತನ ಮೀಸೆ ನೋಡಿತು.

"ಏನಂತ ಹೇಳಿದ್ರಿ ಬೀಗ್ರೇ, ನಮಗೆ ಕೇಳಿಸ್ಲೇ ಇಲ್ಲ" ಅಂದರು ದೊಡ್ಡಮ್ಮ.

"ಅವ್ಳಿಗ್ ಏಳಿದ್ದೀನಿ ಬುಡಿ" ಅಂದ ಅಪ್ಪ.